ಗೇಟ್ ಕೋಣೆಯಿಂದ ಬಂದ ಫೋನು

ದೆವ್ವ, ಶಕುನ, ಕನಸಿನಲ್ಲಿ ಬಂದು ಎಚ್ಚರಿಸಿದರು ಎಂಬ ಮಾತು ಯಾರಾದರೂ ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ನನ್ನ ಸ್ವಭಾವ ಬದಲಾಗಿದೆ ಎನ್ನಲಾರೆ. ಆದರೆ ಒಂದು ಸಂಜೆಯ ವಿಷಯದಲ್ಲಿ ಮಾತ್ರ ನನಗೆ ಉತ್ತರ ಸಿಕ್ಕಿಲ್ಲ.

ಡಿಪ್ಲೊಮಾ ಮುಗಿಸಿದ ಮೇಲೆ ಕಡಲ ದಂಡೆಯ ಒಂದು ಮಹಾನಗರದ ಕೊಳಚೆ ನೀರಿನ ಪಂಪ್‌ಹೌಸಿನಲ್ಲಿ ಕೆಲಸ ಸಿಕ್ಕಿತು. ಊರಿನ ಹೆಸರು ಬೇಡ. ಶಿಕಾರಿಪುರದ ನಮ್ಮ ಮನೆಯ ಬಚ್ಚಲ ನೀರು ಹಿತ್ತಲ ಬಾಳೆಯ ಬುಡಕ್ಕೆ ಹೋಗುತ್ತಿತ್ತು, ಅಲ್ಲಿಗೆ ಮುಗಿಯಿತು. ಆ ನಗರದಲ್ಲಿ ಲೆಕ್ಕವಿಲ್ಲದಷ್ಟು ಮನೆಗಳ ಬಚ್ಚಲು, ಕಕ್ಕಸಿನ ನೀರೆಲ್ಲ ನೆಲದಡಿಯ ಕೊಳವೆಗಳಲ್ಲಿ ಹರಿದು ನಮ್ಮ ಆಳವಾದ ಬಾವಿಗೆ ಬಂದು ಬೀಳುತ್ತಿತ್ತು. ಬಟ್ಟೆ, ಪ್ಲಾಸ್ಟಿಕ್ಕು, ಕೂದಲುಂಡೆಗಳನ್ನು ಕಬ್ಬಿಣದ ಜಾಲರಿ ತಡೆಯುತ್ತಿತ್ತು. ಮುಂದೆ ತೊಟ್ಟಿಗಳಲ್ಲಿ ಮರಳು ಇಳಿಸಿ, ನೀರಿಗೆ ಗಾಳಿ ಊದಿ, ಕೊಳೆಯನ್ನು ಅಷ್ಟಿಷ್ಟು ಕಳೆದು, ಸಮುದ್ರದಡಿಯ ಸುರಂಗದೊಳಕ್ಕೆ ನೂಕುತ್ತಿದ್ದೆವು. ದಡದಿಂದ ಬಹಳ ದೂರ ಹೋಗಿ ಅದು ಕಡಲು ಸೇರುತ್ತಿತ್ತು. ಉಳಿದದ್ದನ್ನು ಕಡಲು ನೋಡಿಕೊಳ್ಳುತ್ತದೆ ಎನ್ನುತ್ತಿದ್ದರು.

ಅಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ಸ್ನಾನ ಮಾಡಿ ಹೊರಟರೂ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಎಲ್ಲಕ್ಕಿಂತ ಕೊನೆಗೆ ತುಂಬುತ್ತಿತ್ತು. ಮಾತು ಮರೆತುಹೋದೀತೆಂದು ಕೆಲವು ದಿನ ಪಂಪಿನ ಜೊತೆಗೇ ಕನ್ನಡದಲ್ಲಿ ಮಾತಾಡಿದ್ದುಂಟು.

ಮಳೆಗಾಲದ ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಜಾಲರಿ ಕಟ್ಟಿಕೊಂಡಿತು. ತಗ್ಗಿನ ಬೀದಿಗಳಲ್ಲಿ ಕೊಳಚೆ ಏರುತ್ತಿದೆ ಎಂದು ಮೇಲಿನವರು ಮೊಬೈಲಿನಲ್ಲಿ ಬೈಯುತ್ತಿದ್ದರು. ವಿಷಗಾಳಿ ಅಳೆಯುವ ಮೀಟರ್ ರಿಪೇರಿಗೆ ಹೋಗಿತ್ತು. ಇದ್ದವರು ನಾನು ಮತ್ತು ಕಾಶೀನಾಥ್ ಇಬ್ಬರೇ. ಅವನು ಗುತ್ತಿಗೆಯ ಕೆಲಸಗಾರ, ಐವತ್ತರ ಹತ್ತಿರದವನು.

ಬಾವಿಯ ಬಾಯಿಗೆ ಬಗ್ಗಿ ಅವನು ಹಿಂದಿಯಲ್ಲಿ ಕೇಳಿದ: "ವಾಸನೆ ಹೋಯಿತು ಸಾಹೇಬ್. ಇಳಿಯಲಾ?"

ಆ ಗಾಳಿ ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ; ಹೆಚ್ಚಾದರೆ ಮೂಗೇ ಸತ್ತು ಏನೂ ನಾರುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ಕಲಿಸಿದ್ದ ಪಾಠವದು. ಗೊತ್ತಿದ್ದೂ "ಇಳಿ" ಎಂದೆ. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆಯುವುದರಲ್ಲಿ ಅರ್ಥವಿಲ್ಲ.

ಅವನು ಏಣಿಯ ಮೇಲೆ ಕಾಲಿಟ್ಟಿದ್ದಷ್ಟೇ, ಗೋಡೆಯ ಫೋನು ಹೊಡೆದುಕೊಂಡಿತು. ಅದರ ಇನ್ನೊಂದು ತುದಿ ಇದ್ದದ್ದು ಸುರಂಗದ ಬಾಯಿಯಲ್ಲಿ ನೀರು ಬಿಡುವ, ತಡೆಯುವ ಗೇಟ್ ಕೋಣೆಯಲ್ಲಿ ಮಾತ್ರ. ಎತ್ತಿದೆ. ಹೆಂಗಸಿನ ದನಿ. ಕನ್ನಡ.

"ಅವರನ್ನ ಎಂತಕ್ಕೆ ಇಳಿಸ್ತೀರಿ ಮಾರಾಯ್ರೆ? ಮೇಲೆ ಕರೀರಿ."

ನಾವು ಶಿಕಾರಿಪುರದವರು 'ಯಾಕ್ರಿ' ಎನ್ನುತ್ತೇವೆ. 'ಎಂತಕ್ಕೆ' ಎನ್ನುವವರು ಸೊರಬದ ಕಡೆಯವರು.

"ಯಾರ್ರಿ ನೀವು?" ಎಂದೆ.

"ಮೊದ್ಲು ಅವರನ್ನ ಕರೀರಿ."

ಫೋನು ಸತ್ತಿತು. ನಾನು ಬಾವಿಯ ಕಡೆ ಓಡಿ "ಹತ್ರೀ ಮ್ಯಾಲೆ! ಹತ್ರೀ!" ಎಂದು ಕನ್ನಡದಲ್ಲೇ ಕೂಗಿದೆ. ಕಾಶೀನಾಥನಿಗೆ ಮಾತು ತಿಳಿಯದಿದ್ದರೂ ನನ್ನ ಮುಖ ನೋಡಿ ಹತ್ತಿ ಬಂದ.

ಆಮೇಲೆ ಎಂಜಿನಿಯರ್ ಬೇರೆ ಪಂಪ್‌ಹೌಸಿನ ಮೀಟರ್ ತಂದು ಹಗ್ಗ ಕಟ್ಟಿ ಇಳಿಬಿಟ್ಟರು. ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲೇ ಅದು ಕಿರುಚತೊಡಗಿತು. ಯಂತ್ರ ಬಂದು ಜಾಲರಿ ಬಿಡಿಸುವ ಹೊತ್ತಿಗೆ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. ತಡಮಾಡಿದ್ದಕ್ಕೆ ನನಗೆ ಮೆಮೊ ಕೊಟ್ಟರು.

ಗೇಟ್ ಕೋಣೆಗೆ ಹೋಗಿ ನೋಡಿದೆ. ಬೀಗ ಹಾಕಿತ್ತು. ಕೀಲಿ ನನ್ನ ಜೇಬಿನಲ್ಲೇ ಇತ್ತು. ಒಳಗೆ ನೆಲದ ಧೂಳಿನ ಮೇಲೆ ನನ್ನ ಹೆಜ್ಜೆ ಬಿಟ್ಟರೆ ಬೇರೆ ಗುರುತಿರಲಿಲ್ಲ. ನನ್ನ ತಲೆ ಕೆಟ್ಟಿತ್ತು ಎಂದುಕೊಳ್ಳೋಣವೆಂದರೆ ಕಾಶೀನಾಥನೂ ಗಂಟೆ ಕೇಳಿದ್ದ. "ಯಾರ ಫೋನು?" ಎಂದು ಅವನು ಕೇಳಿದಾಗ "ದೊಡ್ಡ ಸಾಹೇಬರದು" ಎಂದು ಸುಳ್ಳು ಹೇಳಿದೆ. ಮಾರನೆಯ ದಿನ ಅವನು ಮನೆಯಿಂದ ನನಗೂ ರೊಟ್ಟಿ ಕಟ್ಟಿಸಿಕೊಂಡು ಬಂದ. ಇಳಿ ಎಂದವನೂ ನಾನೇ ಎಂಬುದನ್ನು ಅವನು ಮರೆತಿದ್ದನೋ, ಮರೆತಂತೆ ಇದ್ದನೋ.

ಕೆಲವು ವರ್ಷಗಳ ಮೇಲೆ ಊರಿಗೆ ವಾಪಸಾಗಿ ಮೋಟಾರು ರಿಪೇರಿ ಅಂಗಡಿ ಇಟ್ಟೆ. ಒಮ್ಮೆ ಕೆಲಸದ ಮೇಲೆ ಸೊರಬದಿಂದ ಜಡೆ ಎಂಬ ಹಳ್ಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದಾಗ, ಹಿಂದಿನ ಸೀಟಿನಲ್ಲಿ ಒಬ್ಬರು ಚಿಲ್ಲರೆಗಾಗಿ ಕಂಡಕ್ಟರನ ಜೊತೆ ವಾದಿಸುತ್ತಿದ್ದರು. ಅದೇ ದನಿ. ತಿರುಗಿದೆ. ನಲವತ್ತು ದಾಟಿದ ಹೆಂಗಸು, ಮಡಿಲಲ್ಲಿ ಸಂತೆಯ ಚೀಲ. ತಡೆಯಲಾರದೆ ಆ ನಗರದ ಹೆಸರು ಹೇಳಿ, "ಅಲ್ಲಿಗೆ ಯಾವಾಗರ ಹೋಗಿದ್ರೇನ್ರಿ ಅಕ್ಕಾರೆ?" ಎಂದೆ.

ಅವರು ನಕ್ಕರು. "ಶಿವಮೊಗ್ಗ ದಾಟಿದವಳಲ್ಲ ನಾನು. ಯಾರು ಅಂದ್ಕಂಡ್ರಿ?"

ಜಡೆಯಲ್ಲಿ ಅವರು ಇಳಿದರು. ನಾನೂ ಅಲ್ಲೇ ಇಳಿಯಬೇಕಿತ್ತು, ಕೂತೇ ಇದ್ದೆ.

ಕಾಶೀನಾಥ್ ಈಗಲೂ ದೀಪಾವಳಿಗೆ ಫೋನ್ ಮಾಡುತ್ತಾನೆ. ಹೋದ ಸಲ ಮಗಳ ಕೈಗೆ ಕೊಟ್ಟ. "ಅಪ್ಪನನ್ನು ಮೇಲೆ ಕರೆದವರು ನೀವೇ ಅಲ್ಲವಾ?" ಎಂದು ಆ ಹುಡುಗಿ ಕೇಳಿತು.

"ಹೌದಮ್ಮಾ" ಎಂದೆ. ಬೇರೆ ಯಾರ ಹೆಸರು ಹೇಳಬೇಕಿತ್ತೋ, ನನಗಿನ್ನೂ ತಿಳಿದಿಲ್ಲ.