ಥಾಣೆ ಲೋಕಲ್‌ನಲ್ಲಿ ಒಂದು ಬೆಚ್ಚಗಿನ ಸೀಸೆ

ಬಸ್ಸು ನನ್ನನ್ನು ಥಾಣೆಯಲ್ಲಿ ಇಳಿಸಿದಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಬ್ರಹ್ಮಾವರದ ಆಚೆಯ ನಮ್ಮೂರಿನಿಂದ ಹಿಂದಿನ ದಿನ ಹೊರಟ ಬೊಂಬಾಯಿ ಬಸ್ಸು ಅದು. ಬೆಳಗಾವಿಯಲ್ಲಿ ಊಟಕ್ಕೆ, ಕೊಲ್ಹಾಪುರದಲ್ಲಿ ಟೈರಿಗೆ, ಘಾಟಿಯಲ್ಲಿ ಡ್ರೈವರನ ಬೀಡಿಗೆ ಎಂದು ನಿಂತು ನಿಂತು ಬಂದಿತ್ತು. ಪಕ್ಕದ ಸೀಟಿನ ಹೆಂಗಸು ದಾರಿಯುದ್ದಕ್ಕೂ ನಿಮಗೆ ಮಕ್ಕಳೆಷ್ಟು ಎಂದು ಕೇಳುತ್ತಿದ್ದಳು. ಕೊನೆಗೆ ನಲವತ್ತೆರಡು ಎಂದೆ. ಅದು ನನ್ನ ಒಂದನೇ ತರಗತಿಯ ಹಾಜರಿ. ಆಮೇಲೆ ಆಕೆ ಕಿಟಕಿಯ ಕಡೆ ತಿರುಗಿ ಕೂತಳು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ನಮ್ಮವರು ಡೊಂಬಿವಲಿಯ ಒಂದು ಹೋಟೆಲಿನಲ್ಲಿ ದೊಡ್ಡ ಅಡುಗೆಯವರು. ಮದುವೆಯಾಗಿ ಆರು ವರ್ಷವಾಗಿತ್ತು. ಊರಿನ ಸುತ್ತಮುತ್ತ ನಾನು ಹರಕೆ ಹೇಳದ ದೇವಸ್ಥಾನ ಇರಲಿಲ್ಲ, ಕುಡಿಯದ ಕಷಾಯ ಇರಲಿಲ್ಲ. ಥಾಣೆಯಲ್ಲಿ ಮಕ್ಕಳಾಗದವರಿಗೆ ಔಷಧಿ ಕೊಡುವ ಡಾಕ್ಟರಮ್ಮ ಒಬ್ಬರಿದ್ದಾರೆಂದು ಯಾರೋ ಹೇಳಿದ್ದೇ ತಡ, ಬೇಸಿಗೆ ರಜೆಗೆ ಬರುತ್ತೇನೆ ಎಂದು ನಮ್ಮವರಿಗೆ ತಿಳಿಸಿಬಿಟ್ಟೆ. ಜೂನ್ ಮೊದಲ ವಾರಕ್ಕೆ ಅದೇ ಬಸ್ಸಿನಲ್ಲಿ ಮರಳುವ ಸೀಟನ್ನೂ ಮಾಡಿಸಿದೆ. ನನಗೆ ಮಗು ಬೇಕಿತ್ತು. ಹಾಗೆ ಬಾಯಿಬಿಟ್ಟು ಹೇಳಲು ನನಗೆ ಯಾವತ್ತೂ ನಾಚಿಕೆಯಾಗಿಲ್ಲ. ನಾಚಿಕೆಯೆಲ್ಲ ನಮ್ಮವರ ಪಾಲಿಗೆ ಬಂದಿತ್ತು. ಚಿಕಿತ್ಸೆ ಎನ್ನಲೂ ಅವರಿಗೆ ಸಂಕೋಚ. "ಆ ವಿಷಯ" ಎನ್ನುತ್ತಿದ್ದರು.

ಬಸ್ಸಿನ ಹತ್ತಿರ ನಮ್ಮವರು ಕಾಯುತ್ತಿದ್ದರು, ಥಾಣೆಯಿಂದ ಲೋಕಲ್ ರೈಲು ಹಿಡಿದು ಡೊಂಬಿವಲಿಗೆ ಬಂದೆವು. ಹೋಟೆಲಿನ ಕೆಲಸದವರೆಲ್ಲ ರಾತ್ರಿ ಮಲಗುವುದು ಹೋಟೆಲಿನ ಅಟ್ಟದಲ್ಲೇ. ನಾನು ಬರುತ್ತೇನೆಂದು ನಮ್ಮವರು ಒಂದು ಚಾಳಿನಲ್ಲಿ ಬೇಸಿಗೆಯ ಮಟ್ಟಿಗೆ ಖೋಲಿ ಹಿಡಿದಿದ್ದರು. ಒಂದೇ ಕೋಣೆ, ಮೂಲೆಯಲ್ಲಿ ಸ್ನಾನಕ್ಕೂ ಪಾತ್ರೆಗೂ ಒಂದೇ ಮೋರಿ, ಹೊರಗೆ ಎಲ್ಲರಿಗೂ ಸೇರಿ ಒಂದು ನಲ್ಲಿ. ಪಕ್ಕದ ಖೋಲಿಯವಳು ಗುಲಬರ್ಗಾದ ಶರಣಮ್ಮ. ಅವಳ ಗಂಡ ಕಲ್ಯಾಣದ ಗೋದಾಮಿನಲ್ಲಿ ಹಮಾಲಿ. ನಾನು ಟ್ರಂಕು ಇಳಿಸುವ ಮೊದಲೇ ಅವಳು ಚಹಾ ತಂದಿಟ್ಟು, ಯಾಕೆ ಬಂದಿರಿ ಎಂದು ಕೇಳಿ, ಉತ್ತರ ಪಡೆದು, ಸಂಜೆಯೊಳಗೆ ಚಾಳಿಗೆಲ್ಲ ಹೇಳಿ ಮುಗಿಸಿದ್ದಳು. ನಮ್ಮವರು ಮೂರು ದಿನ ತಲೆ ತಗ್ಗಿಸಿ ಓಡಾಡಿದರು.

ಇಂಥ ಆಸ್ಪತ್ರೆಗೆ ಹೋಗಲು ಹಿಂಜರಿಯುವ ನಮ್ಮ ಕಡೆಯ ಹೆಂಗಸರಿಗಾಗಿ ಅಲ್ಲಿ ಏನೇನಾಗುತ್ತದೆ ಎಂದು ಬಿಡಿಸಿಯೇ ಬರೆಯುತ್ತೇನೆ. ಮೊದಲು ಕಾಯಬೇಕು. ಥಾಣೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರದ ಆ ದವಾಖಾನೆಯ ಬೆಂಚಿನ ಮೇಲೆ ಭಿವಂಡಿಯ ಬುರ್ಖಾದವರು, ಮೀನಿನ ಬುಟ್ಟಿ ಹೊರಗಿಟ್ಟು ಬಂದ ಬೆಸ್ತ ಹೆಂಗಸರು, ಬ್ಯಾಂಕಿನ ಗುಮಾಸ್ತೆಯರು ಎಲ್ಲರೂ ಒತ್ತಿಕೊಂಡು ಕೂತಿದ್ದರು. ಊರಿನಲ್ಲಿ ಈ ದುಃಖ ನನ್ನೊಬ್ಬಳದೇ ಎಂದುಕೊಂಡಿದ್ದೆ. ಇಲ್ಲಿ ಅದಕ್ಕೆ ಕ್ಯೂ ಇತ್ತು. ಹಾಗಾಗಿ ಯಾರೂ ಗೋಳಾಡುತ್ತಿರಲಿಲ್ಲ. ಅತ್ತೆಯಂದಿರನ್ನು ಬೈದುಕೊಂಡು ನಗುತ್ತಿದ್ದರು. ನನ್ನ ಹರಕುಮುರುಕು ಹಿಂದಿಯಲ್ಲಿ ನಾನೂ ಸೇರಿಕೊಂಡೆ.

ಡಾಕ್ಟರಮ್ಮ ವಯಸ್ಸಾದವರು, ದಪ್ಪ ಕನ್ನಡಕ, ಬಿಳಿ ಕಾಟನ್ ಸೀರೆ. ಮಾತೃಭಾಷೆ ಮರಾಠಿಯಾದರೂ ಸೊಲ್ಲಾಪುರದವರಾದ್ದರಿಂದ ಕನ್ನಡ ಬರುತ್ತಿತ್ತು.

"ಬರ್ರಿ, ಕೂಡ್ರಿ. ಲಗ್ನ ಆಗಿ ಎಷ್ಟ ವರ್ಷ ಆತು?"

ಆರು ಎಂದೆ.

"ಆರೂ ವರ್ಷ ಒಂದ ಮನ್ಯಾಗ ಇದ್ದೀರೇನು?"

ಇಲ್ಲ, ಇವರು ಮಳೆಗಾಲದಲ್ಲಿ ಹೋಟೆಲಿನ ಸಾಹುಕಾರರು ರಜೆ ಕೊಟ್ಟರೆ ಒಂದು ತಿಂಗಳು ಊರಿಗೆ ಬರುತ್ತಾರೆ ಎಂದೆ. ನಮ್ಮ ಕಡೆ ಬೊಂಬಾಯಿ ಹೋಟೆಲಿಗೆ ಹೋದವರೆಲ್ಲರ ಸಂಸಾರ ಹಾಗೆಯೇ. ಅದರಲ್ಲಿ ಹೇಳುವಂಥದ್ದು ಏನಿದೆ ಎಂದು ನನಗೆ ಆವರೆಗೆ ಹೊಳೆದೇ ಇರಲಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಅಂದರ ನಿಮ್ಮ ಲಗ್ನ ಆಗಿ ಆರು ತಿಂಗಳಾತು! ಪೋಸ್ಟಿನ್ಯಾಗ ಮಕ್ಕಳು ಬರೂದಿಲ್ಲವಾ." ಆಮೇಲೆ ನಗು ನಿಲ್ಲಿಸಿ, "ಇರಲಿ, ಇಷ್ಟ ದೂರ ಬಂದೀರಿ. ಇಬ್ಬರದೂ ತಪಾಸಣೆ ಮಾಡಿಬಿಡೋಣು," ಎಂದರು.

ಇಬ್ಬರದೂ ಎಂದದ್ದು ಕೇಳಿ ನಮ್ಮವರ ಮುಖ ಸಪ್ಪೆಯಾಯಿತು. ಊರಿನಲ್ಲಿ ಮಕ್ಕಳಾಗದಿದ್ದರೆ ಕಷಾಯ ಕುಡಿಯುವವಳು ಹೆಂಗಸು. ಡಾಕ್ಟರಮ್ಮ ಮೊದಲು ಗಂಡಸಿನ ವೀರ್ಯ ಪರೀಕ್ಷೆಯಾಗಲಿ ಎಂದರು. ಅದರಲ್ಲಿ ನೋವಿಲ್ಲ, ಕೊಯ್ಯುವುದಿಲ್ಲ. ಮನೆಯಲ್ಲೇ ಒಂದು ಸೀಸೆಯಲ್ಲಿ ಹಿಡಿದು, ಕೆಡುವ ಮೊದಲು ಬೇಗ ತರಬೇಕು. ನನಗೆ ಸಿಕ್ಕಿದ್ದು ಥರ್ಮಾಮೀಟರು. ಬೆಳಿಗ್ಗೆ ಎಚ್ಚರವಾದ ಕೂಡಲೇ, ಏಳದೆ, ಮಾತಾಡದೆ, ನಾಲಗೆಯ ಕೆಳಗಿಟ್ಟು ದಿನವೂ ಗುರುತು ಹಾಕಬೇಕು. ಬಸಿರಾಗುವ ದಿನಗಳು ಬಂದಾಗ ಮೈಯ ಕಾವು ಸ್ವಲ್ಪ ಏರುತ್ತದಂತೆ.

ಇದು ಹೇಳಿದಷ್ಟು ಸುಲಭವಿರಲಿಲ್ಲ. ನಮ್ಮ ನಲ್ಲಿಯಲ್ಲಿ ನೀರು ಬರುತ್ತಿದ್ದುದು ನಸುಕಿನಲ್ಲಿ, ಸ್ವಲ್ಪ ಹೊತ್ತು ಮಾತ್ರ. ಎಚ್ಚರವಾದರೆ ಕೊಡ ಹಿಡಿದು ಓಡಬೇಕು. ನಾನು ನೀರು ತುಂಬಿ, ಜಗಳವಾಡಿ, ಚಹಾ ಕುಡಿದು ಆಮೇಲೆ ಥರ್ಮಾಮೀಟರು ಇಡುತ್ತಿದ್ದೆ. ಡಾಕ್ಟರಮ್ಮ ಗುರುತುಗಳನ್ನು ನೋಡಿ, "ಮಲೇರಿಯಾ ಆಗೇದೇನು?" ಎಂದರು. ಸಂಗತಿ ತಿಳಿದ ಶರಣಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ನಿಮ್ಮ ಕೊಡ ನಾ ತುಂಬತೀನ್ರೀ ಟೀಚರ್. ನೀವು ಆ ಕಡ್ಡಿ ಬಾಯಾಗ ಇಟಗೊಂಡು ಸುಮ್ಮ ಮಲಕೋರಿ."

ಮಾರನೆಯ ದಿನದಿಂದ ನನ್ನ ನೀರು ಚಾಳಿನವರ ಪಾಳಿಗೆ ಹೋಯಿತು. ತುಂಬಿದವರು ಕಿಟಕಿಯಲ್ಲಿ ಇಣುಕಿ, "ಇವತ್ತ ಎಷ್ಟೈತ್ರೀ?" "ಆಜ್ ಕಿತೀ?" ಎಂದು ಕೇಳುತ್ತಿದ್ದರು. ಬಾಯಲ್ಲಿ ಕಡ್ಡಿ ಇಟ್ಟುಕೊಂಡು ನಾನು ಕೈ ಬೀಸುತ್ತಿದ್ದೆ. ಅಷ್ಟು ಪ್ರೀತಿಯಿಂದ ನನ್ನ ಮೈ ಬಿಸಿಯನ್ನು ನನ್ನ ತವರಿನವರೂ ವಿಚಾರಿಸಿರಲಿಲ್ಲ.

ನಮ್ಮವರ ಸೀಸೆಯ ಪರೀಕ್ಷೆಯ ಫಲ ಬಂದ ದಿನವನ್ನು ಮಾತ್ರ ನಾನು ಇವತ್ತಿಗೂ ಮರೆತಿಲ್ಲ. ಡಾಕ್ಟರಮ್ಮ ಕನ್ನಡಕ ಸರಿ ಮಾಡಿಕೊಂಡು ಮೆಲ್ಲಗೆ, "ಒಂದೂ ಜೀವಂತ ಇಲ್ಲ ಅಂತ ಬರದಾರ," ಎಂದರು. ನನಗೆ ಅಳು ಬಂತು. ತಡೆಯಲಿಲ್ಲ, ಅತ್ತುಬಿಟ್ಟೆ. ಇನ್ನು ಯಾವ ಹರಕೆಯೂ ಇಲ್ಲ, ಯಾವ ಊರಿಗೂ ಹೋಗುವುದಿಲ್ಲ ಎಂದುಕೊಂಡೆ. ನಮ್ಮವರು ತಲೆ ತಗ್ಗಿಸಿ ಕೂತಿದ್ದವರು ಒಮ್ಮೆಲೇ ಎದ್ದರು.

"ಅದು ಹೇಗೆ ಹಾಳಾಗ್ತದೆ ಡಾಕ್ಟ್ರೇ? ಕೆಡಬಾರ್ದು ಹೇಳಿ ನಾನೇ ಐಸಿನಲ್ಲಿ ಇಟ್ಟು ತಂದಿದ್ದೇನೆ!"

"ಎದರಾಗ?"

"ಐಸಿನಲ್ಲಿ. ಹೋಟೆಲಿನ ಡಬ್ಬಿ, ಸುತ್ತ ಬರ್ಫ ಹಾಕಿ. ಈ ಸೆಕೆಗೆ ಹಾಲು, ಹಿಟ್ಟು ಎಲ್ಲ ನಾವು ಹಾಗೇ ಇಡುದು."

ಡಾಕ್ಟರಮ್ಮ ನಕ್ಕ ನಗೆಗೆ ಕನ್ನಡಕ ಮೇಜಿನ ಮೇಲೆ ಬಿತ್ತು. ಹೊರಗಿನ ನರ್ಸು ಬಾಗಿಲು ತೆಗೆದು ನೋಡಿದಳು. ಹೋಟೆಲಿನವರಿಗೆ ಲೋಕದಲ್ಲಿ ಎರಡೇ ಬಗೆಯ ವಸ್ತು, ಒಲೆಯ ಮೇಲಿಡುವುದು ಮತ್ತು ಬರ್ಫದಲ್ಲಿಡುವುದು. "ಥಂಡಿಗೆ ಅವು ಸಾಯ್ತಾವಪ್ಪಾ! ಸೀಸೆ ಮೈಗೆ ಹಚ್ಚಿ, ಅಂಗಿ ಒಳಗ ಬೆಚ್ಚಗ ಇಟಗೊಂಡು ತಾ," ಎಂದು ಕಣ್ಣು ಒರೆಸಿಕೊಂಡರು. ನಾನು ಅಳುತ್ತಲೇ ನಗತೊಡಗಿದೆ. ಗಂಡನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ಜೊತೆಗೆ ಎರಡು ಬಿಗಿಯಬೇಕು ಎಂದೂ ಅನ್ನಿಸಿತು.

ಕೆಲವು ದಿನ ಬಿಟ್ಟು ಎರಡನೆಯ ಪ್ರಯತ್ನ. ಡೊಂಬಿವಲಿಯಿಂದ ಥಾಣೆಗೆ ಹೋಗುವ ಬೆಳಗಿನ ಲೋಕಲ್ಲನ್ನು ಕಂಡವರಿಗೆ ನಾನೇನೂ ವರ್ಣಿಸಬೇಕಿಲ್ಲ. ಕಾಣದವರು ಒತ್ತಿ ತುಂಬಿದ ಅವಲಕ್ಕಿ ಚೀಲವನ್ನು ನೆನೆದುಕೊಳ್ಳಿ. ನಮ್ಮವರು ಬನಿಯನ್ನಿನೊಳಗೆ ಸೀಸೆ ಇಟ್ಟು, ಅದರ ಮೇಲೆ ಅಂಗೈ ಒತ್ತಿ ಹತ್ತಿದರು. ನಾನು ಅವರ ಮುಂದೆ ಮೊಣಕೈ ಚಾಚಿ ನಿಂತೆ. ಒಳಗಿನ ಸೆಕೆಗೆ ಅವರು ಬೆವರುತ್ತಿದ್ದರು, ಸೀಸೆ ಒಡೆಯುವ ಹೆದರಿಕೆಗೆ ಮುಖ ಬಿಳಿಚಿತ್ತು. ಪಕ್ಕದವನೊಬ್ಬ ನೋಡಿ ಎದೆನೋವೆಂದುಕೊಂಡ.

"ಕ್ಯಾ ಹುವಾ ಸೇಠ್? ಛಾತೀ ಮೇ ದರ್ದ್ ಹೈ?"

ನಮ್ಮವರು ಕಣ್ಣು ಮುಚ್ಚಿಕೊಂಡರು. ಅದು ಇನ್ನಷ್ಟು ಕೆಲಸ ಮಾಡಿತು. "ಅರೇ ಬಾಜೂ ಹಟೋ, ಹಾರ್ಟ್ ಪೇಶೆಂಟ್ ಹೈ!" ಎಂದು ಕೂಗೆದ್ದಿತು. ಕಾಲೂರಲು ಜಾಗವಿಲ್ಲದ ಡಬ್ಬಿಯಲ್ಲಿ ಕಿಟಕಿ ಪಕ್ಕದ ಸೀಟು ಖಾಲಿಯಾಯಿತು. ಮುದುಕರೊಬ್ಬರು ಪೇಪರು ಮಡಚಿ ಗಾಳಿ ಹಾಕಿದರು. ಇನ್ನೊಬ್ಬ ಅಂಗಿಯ ಗುಂಡಿ ಬಿಚ್ಚಲು ಕೈ ಹಾಕಿದಾಗ ನಾನು ಕಿರುಚಿದೆ. ಥಾಣೆಯಲ್ಲಿ ಇಬ್ಬರು ಅವರನ್ನು ಹೆಗಲು ಕೊಟ್ಟು ಇಳಿಸಿ, ದೇವರು ಒಳ್ಳೆಯದು ಮಾಡಲಿ ಎಂದು ನನ್ನ ತಲೆ ಮುಟ್ಟಿ ಹೋದರು. ದೇವರು ಮಾಡಿದ. ಈ ಸಲದ ಫಲ ಓದಿ ಡಾಕ್ಟರಮ್ಮ, "ಎಲ್ಲಾ ಓಡ್ಯಾಡಾಕ ಹತ್ಯಾವ," ಎಂದರು.

ಆಮೇಲೆ ನನ್ನ ಸರದಿ. ಕಲ್ಯಾಣದ ಒಂದು ಎಕ್ಸ್‌ರೇ ಕೇಂದ್ರದಲ್ಲಿ ಗರ್ಭಕೋಶಕ್ಕೆ ಔಷಧಿ ಬಿಟ್ಟು ಎರಡೂ ನಾಳ ತೆರೆದಿವೆಯೇ ಎಂದು ನೋಡುತ್ತಾರೆ. ನೋವಾಗುವುದಿಲ್ಲ ಎನ್ನುವವರನ್ನು ನಂಬಬೇಡಿ. ಮುಟ್ಟಿನ ಹೊಟ್ಟೆನೋವನ್ನೆಲ್ಲ ಒಟ್ಟಿಗೆ ಹಿಂಡಿದ ಹಾಗಾಗುತ್ತದೆ. ಆದರೆ ರೇಡಿಯೋದಲ್ಲಿ ಒಂದು ಹಾಡು ಮುಗಿಯುವಷ್ಟೇ ಹೊತ್ತು. ಹೊರಗೆ ಬಂದಾಗ ಶರಣಮ್ಮ ನನ್ನ ಚಪ್ಪಲಿ ಹಿಡಿದು ಕೂತಿದ್ದಳು. ನಾಳಗಳು ತೆರೆದಿದ್ದವು. ಇಬ್ಬರೂ ಕಲ್ಯಾಣ ಸ್ಟೇಷನ್ನಿನ ಹೊರಗೆ ನಿಂತು ವಡಾಪಾವ್ ತಿಂದೆವು. ಅಂಥ ರುಚಿಯ ವಡೆ ನಮ್ಮವರ ಹೋಟೆಲಿನಲ್ಲೂ ಇಲ್ಲ. ಇದನ್ನು ನಾನು ಅವರಿಗೆ ಹೇಳಿಲ್ಲ. ಡಾಕ್ಟರಮ್ಮ ಕೆಲವು ದಿನ ನುಂಗಲು ಸಣ್ಣ ಬಿಳಿ ಮಾತ್ರೆ ಕೊಟ್ಟರು, ಥರ್ಮಾಮೀಟರು ಏರಿದಾಗ ಗಂಡನನ್ನು ಹೋಟೆಲಿಗೆ ಕಳುಹಿಸಬೇಡ ಎಂದರು. ನಾನು ಕಳುಹಿಸಲಿಲ್ಲ. ಕಾವು ಏರಿದ ಸುದ್ದಿ ಚಾಳಿಗೆಲ್ಲ ಗೊತ್ತಿದ್ದುದರಿಂದ ಆ ದಿನಗಳಲ್ಲಿ ನಮ್ಮ ಬಾಗಿಲನ್ನು ಯಾರೂ ತಟ್ಟಲಿಲ್ಲ.

ಒಂದು ಭಾನುವಾರ ಥಾಣೆಯಿಂದ ಬೇಲಾಪುರ ರಸ್ತೆಯ ಬಸ್ಸು ಹಿಡಿದು ವಾಶಿಗೆ ಹೋದೆವು. ಕಾರ್ಖಾನೆಗಳ ವಾಸನೆ ಮುಗಿದ ಮೇಲೆ ಅಗಲವಾದ ಹೊಸ ರಸ್ತೆಗಳು, ಜನರಿಲ್ಲದ ಹೊಸ ಮನೆಗಳು, ಆಮೇಲೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಮೇಲಿನ ಉದ್ದದ ಸೇತುವೆ. ಉಪ್ಪುಗಾಳಿ ನಮ್ಮ ಕಡೆಯದೇ ಅನ್ನಿಸಿತು. ನಮ್ಮವರು ನೀರು ನೋಡುತ್ತಾ, "ಟೀಚರೇ, ಖೋಲಿ ಬಿಡುದು ಬೇಡ. ನಾನಿನ್ನು ಅಟ್ಟದಲ್ಲಿ ಮಲಗುದಿಲ್ಲ," ಎಂದರು. ಆರು ವರ್ಷದಲ್ಲಿ ನಾನು ಕೇಳಿದ ಅತ್ಯಂತ ಒಳ್ಳೆಯ ಮಾತು ಅದು. ಹಾಗಾದರೆ ಶಾಲೆ ಎಂದು ಕೇಳಿದೆ. "ಬೊಂಬಾಯಿಯಲ್ಲಿ ಕನ್ನಡ ಶಾಲೆ ಇಲ್ವಾ?" ಎಂದರು. ಮಗು ಆಗಲಿ, ಬಿಡಲಿ, ಒಂದೇ ಮನೆಯಲ್ಲಿರುವುದು ಎಂದು ಅಲ್ಲೇ ತೀರ್ಮಾನವಾಯಿತು. ಊರಿಗೆ ಹೋಗಿ ರಾಜೀನಾಮೆ ಕೊಟ್ಟು ಪಾತ್ರೆ ಪಗಡ ತರುವುದು ನನ್ನ ಲೆಕ್ಕಾಚಾರ.

ಬಸ್ಸಿನ ದಿನ ಬಂತು. ಮುಟ್ಟು ನಿಂತಿತ್ತು, ಹಿಂದೆಯೂ ಹೀಗೆ ನಿಂತು ಮೋಸ ಮಾಡಿತ್ತಾದ್ದರಿಂದ ನಾನು ಉಸಿರೆತ್ತಿರಲಿಲ್ಲ. ಮೂತ್ರ ಪರೀಕ್ಷೆಗೆ ಮೊದಲೇ ಕೊಟ್ಟಿದ್ದೆವು. ಟ್ರಂಕು ಹೊತ್ತುಕೊಂಡೇ ದವಾಖಾನೆಗೆ ಹೋದೆವು, ಫಲ ಕೇಳಿ ಅಲ್ಲಿಂದಲೇ ಬಸ್ಸಿಗೆ ಎಂದು. ಡಾಕ್ಟರಮ್ಮ ಟ್ರಂಕು ನೋಡಿದರು.

"ಇದೆಲ್ಲಿಗೆ? ಘಾಟಿ ಇಳಿಯೂ ಬಸ್ಸು ಹತ್ತಬ್ಯಾಡ್ರಿ. ಮೂರು ತಿಂಗಳು ಡೊಂಬಿವಲಿ ಬಿಟ್ಟು ಅಲುಗಾಡಬ್ಯಾಡ್ರಿ."

"ಯಾಕೆ?" ಎಂದೆ. ನಲವತ್ತೆರಡು ಮಕ್ಕಳಿಗೆ ಪಾಠ ಹೇಳುವವಳು ನಾನು. ಆ ಹೊತ್ತಿಗೆ ನನಗೇ ಅರ್ಥವಾಗಲಿಲ್ಲ.

"ಬಸರಿ ಇದ್ದೀರಿ ತಾಯಿ, ಅದಕ್ಕ."

ಸಂಜೆ ಬಸ್ಸು ನಿಲ್ಲುವ ಜಾಗಕ್ಕೆ ಹೋದೆವು. ಸೀಟು ಬೇಡವೆಂದು ಹೇಳಬೇಕಿತ್ತು, ಊರಿನಲ್ಲಿ ಕಾಯುವ ಅತ್ತೆಗೆ ಸುದ್ದಿ ಮುಟ್ಟಿಸಬೇಕಿತ್ತು. ಕಂಡಕ್ಟರ್ ನನ್ನ ಗುರುತು ಹಿಡಿದ. "ಎಂತ ಟೀಚರ್, ಹತ್ತುದಿಲ್ವಾ?"

ನಾನು ಬಾಯಿ ತೆಗೆಯುವ ಮೊದಲೇ ನಮ್ಮವರು ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು, ಒಳಗೆ ತಲೆ ಹಾಕಿ, ಹೋಟೆಲಿನಲ್ಲಿ ಆರ್ಡರ್ ಕೂಗುವ ಗಂಟಲಿನಲ್ಲಿ ಕೂಗಿದರು: "ಇಲ್ಲ ಮಾರಾಯ! ಡಾಕ್ಟ್ರು ಬೇಡ ಹೇಳಿದ್ದಾರೆ. ನಾನು ಅಪ್ಪ ಆಗ್ತೇನೆ!"

ಬಸ್ಸಿನ ತುಂಬ ನಮ್ಮ ಜಿಲ್ಲೆಯವರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಯಾವ ಊರು, ಯಾರ ಮನೆ ಎಂದು ಕೇಳಿದವರಿಗೆಲ್ಲ ನಮ್ಮವರು ಮನೆಯ ಹೆಸರು, ಬಸ್ ಸ್ಟಾಪು, ಅತ್ತೆ ಕೂರುವ ಜಗಲಿ ಎಲ್ಲವನ್ನೂ ಹೇಳಿದರು. ಅಜ್ಜಿಯೊಬ್ಬರು ಕಿಟಕಿಯಿಂದ ಕೈ ಚಾಚಿ ನನ್ನ ಕೆನ್ನೆ ಸವರಿ, ಎರಡು ಬಾಳೆಹಣ್ಣು ಕೊಟ್ಟರು. ಡ್ರೈವರ್ ಬೇಕೆಂದೇ ಉದ್ದಕ್ಕೆ ಹಾರ್ನ್ ಹೊಡೆದ.

ಬಸ್ಸು ಹೊರಟಿತು. ಪ್ರವಾಸ ಮುಗಿಸಿ ಮರಳುವವರು ಕಿಟಕಿಯಿಂದ ಒಮ್ಮೆ ಹಿಂತಿರುಗಿ ಊರನ್ನು ನೋಡುತ್ತಾರೆ. ನಾನು ಥಾಣೆಯ ರಸ್ತೆ ಬದಿಯಲ್ಲಿ ಟ್ರಂಕಿನ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದೆ. ಕಿಟಕಿಗಳ ತುಂಬ ತಲೆಗಳಿದ್ದವು, ತಿರುವು ದಾಟುವವರೆಗೂ ಎಲ್ಲರೂ ಹಿಂತಿರುಗಿ ನಮ್ಮನ್ನೇ ನೋಡುತ್ತಿದ್ದರು.