ಬದುಕಿದ್ದವಳ ಮೇಲೆ ಕಟ್ಟಿದ ಪದ

ಬದುಕಿದ್ದ ಹೆಂಗಸನ್ನು ಸತ್ತಳೆಂದು ಪದ ಕಟ್ಟಿ ಹಾಡಿದವಳು ನಾನು. ಒಂದು ಸಲವಲ್ಲ — ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಮದುವೆಯಾದರೆ ಹೆಣ್ಣೊಪ್ಪಿಸುವ ಹೊತ್ತಿಗೆ ನನ್ನನ್ನು ಕರೆಯುತ್ತಿದ್ದರು, ನಾನು ಹೋಗಿ ಅದನ್ನೇ ಹಾಡುತ್ತಿದ್ದೆ. ಮೂವತ್ತೈದು ವರ್ಷ.

ಅವಳು ಗಂಗಮ್ಮ, ನನ್ನ ತಮ್ಮನ ಹೆಂಡತಿ. ಗಂಡ ಸತ್ತ ಮೇಲೆ ನಾನು ತವರಿಗೆ ಬಂದು ತಮ್ಮನ ಮಗ್ಗಕ್ಕೆ ರೇಷ್ಮೆ ಸುತ್ತಿಕೊಡುತ್ತಿದ್ದೆ. ತಮ್ಮ ಅವಳನ್ನು ಹೊಡೆಯುತ್ತಿದ್ದ, ಕೈಗೆ ಸಿಕ್ಕಿದ್ದರಲ್ಲಿ. ನಾನು ನೋಡುತ್ತಿದ್ದೆ, ಸುತ್ತುತ್ತಿದ್ದೆ. ಒಂದು ಬೆಳಗ್ಗೆ ಅವಳು ಮೂರು ವರ್ಷದ ಮಗಳು ರತ್ನಳನ್ನು ನನ್ನ ಮಗ್ಗುಲಲ್ಲಿ ಮಲಗಿಸಿ ಹೊರಟುಹೋದಳು. ಗಡಿಯಾಚೆ ಆಂಧ್ರದ ರಾಯದುರ್ಗಕ್ಕೆ ಹೋದಳೆಂದು ಆಮೇಲೆ ಗೊತ್ತಾಯಿತು. ಊರಿಗೆ ಮಾತ್ರ — ತವರಿಗೆ ಹೋಗಿದ್ದಳು, ಜ್ವರ ಬಂದು ಅಲ್ಲೇ ತೀರಿಕೊಂಡಳು ಎಂದೆವು. ಸುಳ್ಳು ತಮ್ಮನದು. ಅದಕ್ಕೆ ಪದ ಕಟ್ಟಿದ್ದು ನಾನು.

ಹೊಸ್ತಿಲ ದಾಟದವಳು, ಹೊರಳಿ ಮಾತಾಡದವಳು
ಮುತ್ತೈದೆಯಾಗಿ ಮಲಗಿದಳು — ಗಂಗಮ್ಮಗೆ
ಹೊತ್ತಿಗೊಂದು ದೀಪ ಹಚ್ಚಿರೆ

ಹೆಂಗಸರು ಅತ್ತರು. ಸತ್ತವಳ ಪದ ಮದುವೆಗೆ ಬೇಡ ಎಂದು ಯಾರೂ ಅನ್ನಲಿಲ್ಲ, ಮುತ್ತೈದೆ ಸಾವಲ್ಲವೇ. ಮಾರ್ನಮಿಯಲ್ಲಿ ಅವಳ ಹೆಸರಿಗೆ ಹೊಸ ರೇಷ್ಮೆ ಸೀರೆ ಇಟ್ಟು ಎಡೆ ಹಾಕಿದೆವು. ಇದ್ದಾಗ ಅವಳಿಗೆ ನೆಟ್ಟಗಿನ ಒಂದು ಸೀರೆ ಕೊಡದ ಮನೆ ಅದು.

ಎರಡು ವರ್ಷಕ್ಕೆ ಅವಳೇ ಬಂದಳು. ಬಸ್ ಸ್ಟ್ಯಾಂಡಿನಲ್ಲಿ ಸೆರಗು ಮುಖಕ್ಕೆ ಎಳೆದುಕೊಂಡು ಕೂತು, ಯಾರ ಕೈಯಲ್ಲೋ ನನ್ನನ್ನು ಕರೆಸಿದಳು.

“ಮಗೀನ ಕರ್ಕಂಡು ಹೋಗ್ತೀನಕ್ಕ. ರೂಮು ಮಾಡೀನಿ, ಕೆಲ್ಸ ಐತೆ.”

ಅದಕ್ಕೆ ನಾನು ಹೇಳಿದ್ದು —

“ನೀನು ಸತ್ತೋಗೀಯ ಗಂಗಿ. ಎಡೆ ಇಕ್ಕಿ ಉಂಡೀವಿ. ಈಗ ಎದ್ದು ಬಂದ್ರೆ ನಿನ್ನ ಮಗಳ್ನ ಓಡಿಹೋದೋಳ ಮಗಳು ಅಂತಾರೆ. ಹೋಗು.”

ಹೋದಳು. ಮನೆ ಮರ್ಯಾದೆಗಾಗಿ ಹಾಗೆಂದೆ ಎಂದರೆ ಅರ್ಧ ಸುಳ್ಳು. ಮಕ್ಕಳಿಲ್ಲದ ನನಗೆ ಆ ಮಗು ದಕ್ಕಿತ್ತು. ಬಿಟ್ಟುಕೊಡಲು ಮನಸ್ಸಿರಲಿಲ್ಲ, ಅಷ್ಟೇ.

ರತ್ನ ಓದಿದಳು. ಚಳ್ಳಕೆರೆಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾಳೆ. ಮದುವೆಯೂ ಆಯಿತು. ಅವಳ ಗಂಡನೂ — ತಮ್ಮನ ಹಾಗೆಯೇ. ತಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ; ಈ ವರ್ಷ ಕೆನ್ನೆ ಊದಿಸಿಕೊಂಡು ನನ್ನ ಹತ್ತಿರ ಬಂದಳು. ಭಾನುವಾರ ಗಂಡನ ಕಡೆ ಹಿರಿಯರು ಬಂದು ಕರೆದುಕೊಂಡು ಹೋಗುವುದೆಂದು ಮಾತಾಯಿತು. ಶುಕ್ರವಾರ ಅವಳು ಪಡಸಾಲೆಯಲ್ಲಿ ಪುಸ್ತಕ ಹರವಿಕೊಂಡು ಪಾಠಕ್ಕೆ ಬರೆದುಕೊಳ್ಳುತ್ತಿದ್ದಳು.

“ಏನೇ ಅದು?” ಅಂದೆ.

“ಇಂಗ್ಲೆಂಡಿನ ಹಳೇ ಪದಗಳು ಅತ್ತೆ, ವಿಕ್ಟೋರಿಯಾ ರಾಣಿ ಕಾಲದವು. ಹೆಂಗಸ್ನ ದೇವ್ರು ಅಂತ ಕೂರ್ಸೋದು, ಕೆಳಗಿಳಿದ್ರೆ ಕೆಟ್ಟೋಳು ಅನ್ನೋದು. ಅದ್ರಾಗೂ ಸತ್ತೋಳು ಅಂದ್ರೆ ಭಾಳ ಪ್ರೀತಿ ಅವ್ರಿಗೆ.”

“ಸತ್ತೋಳ ಮ್ಯಾಲೆ ಎಂಥಾ ಪ್ರೀತಿ?”

“ಎದುರು ಮಾತಾಡಲ್ವಲ್ಲ!” ನಗಲು ಹೋಗಿ, ಕೆನ್ನೆ ನೊಂದು, ಕೈ ಒತ್ತಿಕೊಂಡಳು.

“ಕಟ್ಟಿದೋರೆಲ್ಲ ಗಂಡಸ್ರೇನೇ?”

“ಹೆಂಗಸ್ರೂ ಅವ್ರೆ. ಕೆಲವರು ಇದೇನು ಅನ್ಯಾಯ ಅಂತ ಬರೆದವ್ರೆ. ಕೆಲವರು ಗಂಡಸ್ರಿಗಿಂತ ಜಾಸ್ತಿ ಹೊಗಳವ್ರೆ.”

ಆ ಎರಡನೆಯ ಸಾಲಿನಲ್ಲಿ ಕೂರುವವಳು ನಾನು. ಓದು ಬರದಿದ್ದರೂ ಅಷ್ಟು ತಿಳಿಯಿತು.

“ಇಷ್ಟು ತಿಳಿದೋಳು ಭಾನ್ವಾರ ಯಾಕೆ ಹೋಗ್ತೀಯ?”

“ಪಾಠ ಬ್ಯಾರೆ, ಬಾಳ್ವೆ ಬ್ಯಾರೆ. ಅವ್ವ ಸಾಯೋಗಂಟ ಒಂದು ಮಾತಾಡ್ಲಿಲ್ಲ. ನಾನು ಅವಳ ಮಗಳು.”

ಇನ್ನು ತಡೆಯಲಾಗಲಿಲ್ಲ. ಸುತ್ತುಬಳಸಿ ಹೇಳುವುದು ನನಗೆ ಬರುವುದೂ ಇಲ್ಲ.

“ನಿಮ್ಮವ್ವ ಸತ್ತಿಲ್ಲ. ನಿಮ್ಮಪ್ಪನ ಹೊಡ್ತ ತಾಳ್ದೆ ಎದ್ದು ಹೋದ್ಲು. ರಾಯದುರ್ಗದಾಗೆ ಅವ್ಳೆ. ಆ ಪದ ಸುಳ್ಳು, ಕಟ್ಟಿದೋಳು ನಾನು.”

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಪುಸ್ತಕ ಮುಚ್ಚಿ ಕೇಳಿದಳು — “ನನ್ನ ನೋಡಾಕೆ ಬಂದಿದ್ಲಾ?”

“ಬಂದಿದ್ಲು. ಕರ್ಕಂಡು ಹೋಗಾಕೆ. ನಾನೇ ವಾಪಸ್ ಕಳಿಸ್ದೆ.”

ಇದನ್ನು ಹೇಳದೆಯೂ ಇರಬಹುದಿತ್ತು. ಹೇಳಿದೆ. ನೂಲು ತರುವವರ ಬಾಯಲ್ಲಿ ಇಷ್ಟು ವರ್ಷ ಗಂಗಮ್ಮನ ಸುದ್ದಿ ಕೇಳುತ್ತಲೇ ಇದ್ದೆ; ಯಾವ ಬೀದಿ, ಯಾವ ಮನೆ, ಅದನ್ನೂ ಹೇಳಿದೆ. ಶನಿವಾರ ಮೊದಲ ಬಸ್ಸಿಗೆ ರತ್ನ ಹೋದಳು. ಭಾನುವಾರ ಹಿರಿಯರು ಬಂದು ಜಮಖಾನೆಯ ಮೇಲೆ ಕೂತಾಗ ಅವಳಿನ್ನೂ ಬಂದಿರಲಿಲ್ಲ. ಮಧ್ಯಾಹ್ನ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

“ನಾನು ಬರಲ್ಲ ಕಣ್ರೀ. ಕಾಫಿ ಕುಡ್ಕಂಡು ಹೊರಡಿ.”

ಕುಡಿಯದೆಯೇ ಹೋದರು.

ಅವಳೀಗ ಚಳ್ಳಕೆರೆಯಲ್ಲಿ ಬೇರೆ ಮನೆ ಮಾಡಿದ್ದಾಳೆ. ರಜೆಯಲ್ಲಿ ರಾಯದುರ್ಗಕ್ಕೆ ಹೋಗುತ್ತಾಳೆ. ನನ್ನ ಹತ್ತಿರ ಬಂದರೂ ಮಾತು ಕಡಿಮೆ, ಔಷಧಿ ತಂದಿಟ್ಟು ಹೋಗುತ್ತಾಳೆ. ಮಾತಾಡು ಎಂದು ಕೇಳುವ ಮುಖ ನನಗಿಲ್ಲ. ಆದರೂ ಸುಳ್ಳು ಹೇಳಲಾರೆ — ಎದೆ ಹಗುರಾಗಿದೆ. ಕೊಳೆತ ಹಲ್ಲು ಕೀಳಿಸಿಕೊಂಡ ಹಾಗೆ. ಜಾಗ ಖಾಲಿ, ಆದರೆ ನಿದ್ದೆ ಬರುತ್ತದೆ.

ಗಂಗಮ್ಮನಿಗೆ ನನ್ನನ್ನು ನೋಡುವುದು ಬೇಕಿಲ್ಲವಂತೆ. “ಏನಂದ್ಲು?” ಎಂದು ರತ್ನಳನ್ನು ಒಂದೇ ಸಲ ಕೇಳಿದೆ.

“ಬೈತಾಳೆ ಅತ್ತೆ. ಕನ್ನಡ ಸಾಲ್ದೆ ತೆಲುಗಿನಾಗೂ ಬೈತಾಳೆ.”

ಬೈಯಲಿ.