ವಾಡೆಗೆ ಹೋದ ಕಟ್ಟಿಗೆ ರೈಲು

ನಮ್ಮ ಮನೆಯವರು ಬಡಿಗೇರರು. ಮದುವೆಗೆ ಮೊದಲು ಮುಂಬೈ ಕಡೆ ಹೋಗಿ, ಮಾಥೇರಾನ ಗುಡ್ಡ ಹತ್ತುವ ಸಣ್ಣ ರೈಲಿನ ಡಬ್ಬಿ ರಿಪೇರಿ ಮಾಡುತ್ತಿದ್ದರು. ಅದರ ಎರಡು ಹಳಿಗಳ ನಡುವೆ ಒಂದೂವರೆ ಮೊಳವೂ ಇರಲಿಲ್ಲವಂತೆ. ಅಂಥ ರೈಲು ಹಾವಿನಂತೆ ಸುತ್ತಿ ಸುತ್ತಿ ಗುಡ್ಡ ಏರುತ್ತದೆಂದು ಹೇಳಿದರೆ ಮಸ್ಕಿಯಲ್ಲಿ ಯಾರೂ ನಂಬಲಿಲ್ಲ. ನಮ್ಮ ಊರಿನವರಿಗೆ ರೈಲು ಅಂದರೆ ರಾಯಚೂರಿನ ದೊಡ್ಡ ಗಾಡಿ.

ಆ ಸಿಟ್ಟಿಗೇ ಇರಬೇಕು, ಹಿತ್ತಲಲ್ಲಿ ಕಲ್ಲು, ಮಣ್ಣು ಪೇರಿಸಿ ಒಂದು ಗುಡ್ಡ ಮಾಡಿದರು. ಹಳೆ ಪೀಪಾಯಿಯ ಪಟ್ಟಿ ಬಡಿದು ಹಳಿ ಮಾಡಿದರು. ಬೇವಿನ ಕಟ್ಟಿಗೆಯ ಎಂಜಿನ್ನು, ನಾಕು ಡಬ್ಬಿ. ಮೇಲಿನಿಂದ ಬಿಟ್ಟರೆ ತಿರುವಿಗೆ ಬಂದು ಮಗುಚುತ್ತಿತ್ತು. ಮಾಥೇರಾನದ ಎಂಜಿನ್ನಿಗೆ ತಿರುವಿನಲ್ಲಿ ಗಾಲಿಯ ಅಚ್ಚು ಅತ್ತಿತ್ತ ಸರಿಯುತ್ತಿದ್ದುದು ನೆನಪಾಗಿ, ಇದಕ್ಕೂ ಅಚ್ಚು ಸಡಿಲ ಬಿಟ್ಟರು. ಆಮೇಲೆ ಬೀಳಲಿಲ್ಲ. ಊರೆಲ್ಲ ಹಿತ್ತಲಿಗೆ ಬಂತು.

ಸುದ್ದಿ ಲಿಂಗಸುಗೂರಿನ ದೇಸಾಯರಿಗೆ ಮುಟ್ಟಿತು. ಅವರ ವಾಡೆಯಲ್ಲಿ ದಾವತ್ತಿನ ಊಟ ಇದೆ, ರೈಲು ತರಬೇಕು, ರೊಟ್ಟಿ ಬಡಿಯಲು ಹೆಂಡತಿಯೂ ಬರಬೇಕು ಎಂದು ಹುಕುಂ ಬಂತು. ಬಂಡಿಯಲ್ಲಿ ಹೇರಿಕೊಂಡು ಹೋದೆವು.

ಪಡಸಾಲೆಯಲ್ಲಿ ಹಲಗೆಯ ಇಳಿಜಾರು ಕಟ್ಟಿ ಹಳಿ ಜೋಡಿಸಿದರು. ರೈಲು ವೀಳ್ಯ ಹೊತ್ತು ಇಳಿದು ಬಂದಾಗ ಊಟಕ್ಕೆ ಬಂದ ಮೆಹಮಾನರು ಖುಷಿಪಟ್ಟರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆಗ ದೇಸಾಯರು, ಹುಕ್ಕಾಕ್ಕೆ ಕೆಂಡವನ್ನೂ ಅದರಲ್ಲೇ ಕಳಿಸು ಎಂದರು.

"ಕಟ್ಟಿಗೀದು ಐತ್ರೀ ಧಣಿ, ಸುಡತೈತಿ," ಅಂದರು ನಮ್ಮವರು.

"ಸುಡಲಿ. ಮತ್ತೊಂದು ಮಾಡಾಕ ನೀ ಅದೀಯಲ್ಲ."

ನಮ್ಮವರು ಇಕ್ಕಳದಿಂದ ಕೆಂಡ ಹಾಕಿದರು. ಎಣ್ಣೆ ಹಚ್ಚಿದ ಡಬ್ಬಿಗಳು ಅರ್ಧ ದಾರಿಯಲ್ಲೇ ಹತ್ತಿಕೊಂಡವು. ಇವರು ಎತ್ತಿಕೊಳ್ಳಲು ಬಾಗಿದರೆ ದೇಸಾಯರು ಕೈ ತೆಗೆ ಎಂದರು, ಎಲ್ಲಿ ತನಕ ಹೋಗುತ್ತದೋ ನೋಡಬೇಕಂತೆ. ಉರಿಯುತ್ತಲೇ ಕೆಳಗಿಳಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಒಬ್ಬ ಸಾಹೇಬರು ಬೂಟಿನಿಂದ ಒದ್ದಾಗ ಕೆಂಡ ಜಮಖಾನೆಯ ಮೇಲೆ ಚೆಲ್ಲಿತು.

"ಲೇ, ಆರಿಸು, ಜಮಖಾನಿ ಸುಡಾಕತ್ತೈತಿ," ಅಂದರು ದೇಸಾಯರು.

ಇಕ್ಕಳ ಹುಡುಕುವಷ್ಟು ಪುರಸೊತ್ತು ಕೊಡಲಿಲ್ಲ. ಇವರು ಬರಿಗೈಯಿಂದಲೇ ಆರಿಸಿದರು. ನಾನು ಓಡಿಹೋಗಲು ನೋಡಿದೆ. ಅಡುಗೆಯವಳು ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಜಮಖಾನೆ ಉಳಿಯಿತು. ಮುಂದಿನ ದಾವತ್ತಿಗೆ ತಗಡಿನದು ಮಾಡಿಕೊಂಡು ಬಾ ಎಂದು ಹೇಳಿ ಕಳಿಸಿದರು.

ಗಾಯ ಮಾಯಿತು, ಆದರೆ ಅಂಗೈ ಚರ್ಮ ಸೆಟೆದು ಬಲಗೈ ಬೆರಳು ಮಡಚಿದಲ್ಲೇ ನಿಂತವು. ಕಟ್ಟಿಗೆ ಕೆತ್ತುವ ಬಾಚಿ ಹಿಡಿಯಲು ಬರುತ್ತಿರಲಿಲ್ಲ. ದೇಸಾಯರು ಸಿಂಧನೂರಿನ ಒಬ್ಬ ಬಡಿಗೇರನಿಗೆ ತಗಡಿನ ರೈಲಿನ ಕೆಲಸ ಹಚ್ಚಿದರು. ಅವನ ರೈಲು ತಿರುವಿನಲ್ಲಿ ಬೀಳುತ್ತಿತ್ತಂತೆ. ಕಲಿಸಿಕೊಡು ಬಾ ಎಂದು ವಾಡೆಯ ಆಳು ನಮ್ಮ ಮನೆಗೇ ಬಂದ.

ಹೋಗಬ್ಯಾಡ್ರಿ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.

"ನಾ ಹೋಗಲಿಲ್ಲಂದ್ರ ಆ ಸಿಂಧನೂರಿನವನ್ನ ಬಡೀತಾರ," ಅಂದರು.

ಹೋದರು. ಕಲಿಸಿ ಬಂದರು. ಅವರು ಇರುವ ತನಕ ರೊಟ್ಟಿ ಮುರಿದು ಬಾಯಿಗೆ ಕೊಟ್ಟವಳು ನಾನೇ.